ಮರಳಿ ಬಂದ ಬಾಯಿ ಕ್ಯಾನ್ಸರ್: ಚಂದಾ ಎತ್ತುವ ಮುನ್ನ ಒಂದು ಲೆಕ್ಕ

ಕಳೆದ ತಿಂಗಳು ನಮ್ಮ ವಾಟ್ಸಾಪ್ ಗ್ರೂಪಿಗೆ ಮತ್ತೊಂದು ಚಂದಾ ಮನವಿ ಬಂತು. ಬಾಯಿ ಕ್ಯಾನ್ಸರ್‌ಗೆ ಆಪರೇಷನ್, ರೇಡಿಯೇಷನ್ ಎರಡೂ ಮುಗಿಸಿದ್ದ ಡ್ರೈವರ್ ಒಬ್ಬರಿಗೆ ಈಗ ಕುತ್ತಿಗೆಯಲ್ಲಿ ಗಡ್ಡೆ. ರಕ್ತನಾಳಕ್ಕೆ ಸುತ್ತಿಕೊಂಡಿದೆಯಂತೆ. ಊರಲ್ಲಿ ಮನೆ ಅಡವಿಟ್ಟು ಆಪರೇಷನ್ ಮಾಡಿಸಲು ಮನೆಯವರು ತಯಾರಾಗಿದ್ದರು. ಗ್ರೂಪಿನ ಲೆಕ್ಕ ಬರೆಯುವವನು ನಾನು. ಈ ದುಡ್ಡಿನಿಂದ ಏನು ಸಿಗುತ್ತದೆ ಅಂತ ಕೇಳಲೇಬೇಕಾಯಿತು.

ಮಿದುಳಿಗೆ ರಕ್ತ ಒಯ್ಯುವ ಕೆರೋಟಿಡ್ ನಾಳಗಳು ಕುತ್ತಿಗೆಯ ಎರಡೂ ಬದಿ ಇವೆ. ಗಡ್ಡೆ ಬರೀ ತಾಗಿದ್ದರೆ ಕೆಲವೊಮ್ಮೆ ಬಿಡಿಸಿ ತೆಗೆಯಬಹುದು. ಸ್ಕ್ಯಾನಿನಲ್ಲಿ ನಾಳದ ಸುತ್ತ 270 ಡಿಗ್ರಿ, ಅಂದರೆ ಮುಕ್ಕಾಲು ಸುತ್ತು ಆವರಿಸಿದ್ದರೆ ಹೆಚ್ಚಿನ ಸರ್ಜನ್‌ಗಳು ಕೈ ಹಾಕುವುದಿಲ್ಲ. ಹಾಕಿದರೂ ಬಲೂನಿನಿಂದ ನಾಳ ಮುಚ್ಚಿ ಮಿದುಳು ತಡೆದುಕೊಳ್ಳುತ್ತದಾ ಎಂದು ಮೊದಲೇ ನೋಡಬೇಕು, ಕಾಲಿನ ರಕ್ತನಾಳ ತೆಗೆದು ಜೋಡಿಸಬೇಕಾಗಬಹುದು. ಲಕ್ವ ಹೊಡೆಯುವ ಭಯವಿದೆ. ರೇಡಿಯೇಷನ್‌ನಿಂದ ಸೋತ ನಾಳ ಒಡೆದರೆ ನಿಮಿಷಗಳಲ್ಲಿ ಜೀವ ಹೋಗಬಹುದು.

ಹಾಗಂತ ಕೈ ಚೆಲ್ಲಬೇಕಿಲ್ಲ. ಗುಣಪಡಿಸಲಾಗದ ಹಂತದ ರೋಗಿಗಳ ಮೇಲೆ ಮುಂಬೈನ ಟಾಟಾ ಮೆಮೋರಿಯಲ್ ನಡೆಸಿದ ಅಧ್ಯಯನ 2022ರಲ್ಲಿ ಪ್ರಕಟವಾಯಿತು. ಮಾತ್ರೆಗಳ ಜೊತೆ ಮೂರು ವಾರಕ್ಕೊಮ್ಮೆ ಬರೀ 20 ಮಿ.ಗ್ರಾಂ. ನಿವೋಲುಮ್ಯಾಬ್ ಕೊಟ್ಟಾಗ, ಒಂದು ವರ್ಷ ಬದುಕಿದವರು ನೂರಕ್ಕೆ 16ರಿಂದ 43ಕ್ಕೆ ಏರಿದರು. ಇದು ಸಂಪೂರ್ಣ ಗುಣವಲ್ಲ, ಆದರೆ ಮನೆ ಅಡವಿಡುವ ಮೊದಲು ಡಾಕ್ಟರ ಹತ್ತಿರ ಕೇಳಬೇಕಾದ ದಾರಿ.

ಇನ್ನು ದುಡ್ಡಿನ ಮಾತು. ಪ್ರವಾಸಿ ಭಾರತೀಯ ಬಿಮಾ ಯೋಜನೆಯ 10 ಲಕ್ಷ ಅಪಘಾತದ ಸಾವು, ಶಾಶ್ವತ ಅಂಗವೈಕಲ್ಯಕ್ಕೆ ಇರುವಂಥದ್ದು, ಕ್ಯಾನ್ಸರ್‌ಗಲ್ಲ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ. 30ರಂತೆ 1.5 ಲಕ್ಷದವರೆಗೆ ಸಿಗುತ್ತದೆ. ಹಾಗಾಗಿ ಊರಿನ ರೇಷನ್ ಕಾರ್ಡಿನಲ್ಲಿ ಹೆಸರು ಇದೆಯಾ ಅಂತ ಇವತ್ತೇ ನೋಡಿಕೊಳ್ಳಿ.

ನಮ್ಮ ಗ್ರೂಪು ಡ್ರೈವರಣ್ಣನಿಗೆ ಮೊದಲು ಇನ್ನೊಂದು ದೊಡ್ಡ ಕ್ಯಾನ್ಸರ್ ಆಸ್ಪತ್ರೆಯ ಅಭಿಪ್ರಾಯ ಪಡೆಯಲು ಟಿಕೆಟ್, ಆಮೇಲೆ ಮಕ್ಕಳ ಫೀಸಿಗೆ ಕಂತಿನಲ್ಲಿ ಹಣ ಅಂತ ತೀರ್ಮಾನಿಸಿತು. ಕೆಲವರಿಗೆ ಬೇಸರವಾಯಿತು, "ಜೀವಕ್ಕಿಂತ ಲೆಕ್ಕ ದೊಡ್ಡದಾ?" ಅಂದರು. ಅಲ್ಲ. ಆದರೆ ಮನೆಯೂ ಹೋಗಿ, ಮನುಷ್ಯನೂ ಹೋದರೆ ಆ ಮಕ್ಕಳಿಗೆ ಯಾರು?

ಕೊನೆಗೊಂದು ಮಾತು. ಗುಟ್ಕಾ ಬಿಟ್ಟು ಬರೀ ಅಡಿಕೆ ಜಗಿಯುತ್ತೇನೆ ಅನ್ನುವವರೇ, ಅಡಿಕೆಯೂ ಕ್ಯಾನ್ಸರ್‌ಕಾರಕ ಅಂತ 2004ರಲ್ಲೇ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಹೇಳಿದೆ. ಬಾಯಿಯ ಹುಣ್ಣು ಮೂರು ವಾರವಾದರೂ ಮಾಯದಿದ್ದರೆ, ಬಾಯಿ ಪೂರ್ತಿ ತೆರೆಯಲಾಗದಿದ್ದರೆ ರಜೆಗೆ ಊರಿಗೆ ಹೋಗುವವರೆಗೆ ಕಾಯಬೇಡಿ. ಒಂದು ದಿನದ ಸಂಬಳ ಹೋದರೆ ಹೋಗಲಿ.