ಅಳತೆಗೆ ಸಿಗದ ಆಟಗಾರ

ಹಾಕಿಯೆಂದೊಡನೆ ನಮ್ಮ ಕಣ್ಣಮುಂದೆ ನಿಲ್ಲುವುದು ಕೊಡಗಿನ ಬಯಲು, ಧ್ಯಾನಚಂದರ ಕೋಲು. ಕೆನಡಾದವರ ಹಾಕಿಯೇ ಬೇರೆ. ಅದು ನಡೆಯುವುದು ಹೆಪ್ಪುಗಟ್ಟಿದ ನೀರಿನ ಮೇಲೆ. ಕಾಲಿಗೆ ಉಕ್ಕಿನ ಅಲಗುಳ್ಳ ಬೂಟು, ಚೆಂಡಿನ ಸ್ಥಾನದಲ್ಲಿ ರಬ್ಬರಿನ ಬಿಲ್ಲೆ. ಬಿಲ್ಲೆ ಹಿಡಿದವನನ್ನು ಭುಜದಿಂದ ಗುದ್ದಿ ಕೆಡಹುವುದೂ ಅಲ್ಲಿ ನಿಯಮಬದ್ಧವೇ! ಆದುದರಿಂದ ಆಟಗಾರರನ್ನು ಆರಿಸುವವರ ದೃಷ್ಟಿ ಮೊದಲು ಬೀಳುವುದು ಮೈಕಟ್ಟಿನ ಮೇಲೆ.

ಮಾರ್ಟಿನ್ ಸೇಂಟ್ ಲೂಯಿ 1975ರಲ್ಲಿ ಕ್ವಿಬೆಕ್ ಪ್ರಾಂತದ ಲವಾಲಿನಲ್ಲಿ ಹುಟ್ಟಿದವನು. ಎತ್ತರ ಐದಡಿ ಎಂಟಂಗುಲ. ನಮ್ಮ ಕಾಲೇಜಿನಲ್ಲಾದರೆ ಇಂಥವನನ್ನು ಯಾರೂ ಕುಳ್ಳನೆನ್ನರು. ಆ ಆಟದಲ್ಲಿ ಆತ ಕುಳ್ಳನೇ. ಅಮೆರಿಕದ ವರ್ಮಾಂಟ್ ವಿಶ್ವವಿದ್ಯಾಲಯದಲ್ಲಿ 1993ರಿಂದ 1997ರವರೆಗೆ ಓದುತ್ತ, ಮುಂಚೂಣಿಯಲ್ಲಿ ಆಡುತ್ತ, 267 ಅಂಕ ಗಳಿಸಿದ. ಗೋಲು ಹೊಡೆದರೆ ಒಂದು, ಹೊಡೆಯಲು ನೆರವಾದರೆ ಒಂದು, ಇದು ಅಲ್ಲಿಯ ಎಣಿಕೆ. ಆ ವಿಶ್ವವಿದ್ಯಾಲಯದಲ್ಲಿ ಅದೊಂದು ದಾಖಲೆ. ಆದರೂ ವೃತ್ತಿಪರ ತಂಡಗಳು ವರ್ಷವರ್ಷವೂ ತರುಣರನ್ನು ಆಯ್ದುಕೊಳ್ಳುವ ಸಾಲಿನಲ್ಲಿ ಆತನ ಹೆಸರನ್ನು ಯಾರೂ ಕರೆಯಲಿಲ್ಲ.

ಕೆಳದರ್ಜೆಯ ತಂಡವೊಂದರಲ್ಲಿ ಆಡುತ್ತಿದ್ದವನನ್ನು 1998ರಲ್ಲಿ ಕ್ಯಾಲ್ಗರಿಯ ತಂಡ ಕರೆದುಕೊಂಡಿತು. ಅಲ್ಲಿಯೂ ದೊರೆತದ್ದು ಮೂಲೆಯ ಪಾತ್ರ. ಎರಡು ಋತುಗಳಲ್ಲಿ 69 ಪಂದ್ಯ, ನಾಲ್ಕೇ ಗೋಲು. 2000ದಲ್ಲಿ ಎರಡು ಹೊಸ ತಂಡಗಳು ಹುಟ್ಟಿದಾಗ, ಬೇಕಾದವರು ಒಯ್ಯಬಹುದೆಂದು ಕ್ಯಾಲ್ಗರಿ ಆತನನ್ನು ಮುಂದಿಟ್ಟಿತು. ಅವೂ ಒಯ್ಯಲಿಲ್ಲ. ಕೊನೆಗೆ ಕ್ಯಾಲ್ಗರಿಯೇ ಕೈಬಿಟ್ಟಿತು. ವರ್ಷವಿಡೀ ಉತ್ತರಪತ್ರಿಕೆ ತಿದ್ದುವ ನನಗೆ ಈ ಘಟ್ಟ ಕೊಂಚ ಮುಜುಗರ ತರುತ್ತದೆ. ನಾಲ್ಕು ಗೋಲಿನ ಲೆಕ್ಕದಲ್ಲಿ ತಪ್ಪಿರಲಿಲ್ಲ. ಆಡಲು ಎಷ್ಟು ಹೊತ್ತು ಕೊಟ್ಟೆವೆಂಬ ಲೆಕ್ಕ ಮಾತ್ರ ಅದರ ಪಕ್ಕದಲ್ಲಿರಲಿಲ್ಲ.

ಅದೇ ಬೇಸಗೆಯಲ್ಲಿ ಫ್ಲಾರಿಡಾದ ಟ್ಯಾಂಪಾ ತಂಡ ಆತನನ್ನು ಸೇರಿಸಿಕೊಂಡಿತು. ನಾಲ್ಕು ವರ್ಷಗಳಲ್ಲಿ ದಶೆ ತಿರುಗಿತು. 2003-04ರ ಋತುವಿನಲ್ಲಿ 94 ಅಂಕ, ಇಡೀ ಲೀಗಿನಲ್ಲಿ ಎಲ್ಲರಿಗಿಂತ ಹೆಚ್ಚು. ಸ್ಟ್ಯಾನ್ಲಿ ಕಪ್ಪಿನ ಅಂತಿಮ ಸರಣಿಯಲ್ಲಿ ಎದುರು ನಿಂತದ್ದು ಯಾರು? ಕ್ಯಾಲ್ಗರಿಯೇ! ಅದು 3-2ರಿಂದ ಮುಂದಿತ್ತು. ತನ್ನೂರಿನಲ್ಲಿ ಜೂನ್ 5ರ ಪಂದ್ಯ ಗೆದ್ದರೆ ಕಪ್ಪು ಅದರದೇ. ಪಂದ್ಯ ಸಮನಾಗಿ, ಎರಡನೆಯ ಹೆಚ್ಚುವರಿ ಅವಧಿಗೆ ಹೋಯಿತು. ಆ ಅವಧಿಯ 33ನೆಯ ಸೆಕೆಂಡಿನಲ್ಲಿ ಬಿಲ್ಲೆಯನ್ನು ಗೋಲಿಗೆ ತಳ್ಳಿದವನು ಸೇಂಟ್ ಲೂಯಿ. ಎರಡು ದಿನಗಳ ಮೇಲೆ ಟ್ಯಾಂಪಾ ಕಪ್ಪನ್ನೆತ್ತಿತು.

2013ರಲ್ಲಿ, 37ರ ವಯಸ್ಸಿನಲ್ಲಿ, ಆತ ಮತ್ತೊಮ್ಮೆ ಲೀಗಿನ ಅಂಕಗಳಲ್ಲಿ ಮೊದಲಿಗನಾದ. 2022ರಲ್ಲಿ ಮಾಂಟ್ರಿಯಲ್ ತಂಡದ ಶಿಕ್ಷಕನಾಗಿ ನೇಮಕಗೊಂಡ. ಅದಕ್ಕೆ ಮುನ್ನ ಆತ ಬಾಲಕರ ತಂಡಗಳಿಗೆ ಪಾಠ ಹೇಳಿದ್ದ.