ಗುಡ್ಡಕ್ಕೆ ಹೊರಟ ಗಾಡಿಯ ಗಂಟು ಗಟ್ಟಿಯಾಗಿರಲಿ

ಭರತ ಹುಣ್ಣಿಮೆ ಹತ್ತಿರ ಬಂತೆಂದರೆ ಜತ್ತ, ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರ ಭಾಗದ ನಮ್ಮ ಹಳ್ಳಿಗಳಲ್ಲಿ ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಹೋಗುವ ತಯಾರಿ ಜೋರಾಗುತ್ತದೆ. ಹಿಂದೆ ಕೊಲ್ಲಾರಿ ಬಂಡಿ ಕಟ್ಟಿಕೊಂಡು ದಿನಗಟ್ಟಲೆ ನಡೆದು ಹೋಗುತ್ತಿದ್ದ ಮನೆತನಗಳು ಈಗ ಕ್ರೂಸರ್, ಬೊಲೆರೊ ಗೊತ್ತು ಮಾಡಿ ಒಂದೇ ದಿನದಲ್ಲಿ ಗುಡ್ಡ ಮುಟ್ಟುತ್ತವೆ. ಆದರೆ ಅಲ್ಲಿ ಬೀಡು ಬಿಡುವ ರೀತಿ ಮಾತ್ರ ಹಳೆಯದೇ. ಬಯಲಲ್ಲಿ ತಾಡಪತ್ರಿ ಹೊಡೆದು, ಒಲೆ ಹೂಡಿ, ಹೋಳಿಗೆ ಕಡಬು ಮಾಡಿ ಪಡ್ಡಲಗಿ ತುಂಬಿಸಿದರೇನೇ ಯಾತ್ರೆ ಸಾರ್ಥಕ. ಹೀಗಾಗಿ ತಾಡಪತ್ರಿ, ಡೇರೆಯ ಗಳ, ಹಾಸಿಗೆ, ಹಂಡೆ, ಪರಾತ, ಹಿಟ್ಟಿನ ಚೀಲ ಎಲ್ಲ ಸೇರಿ ಒಂದು ಸಂಸಾರವೇ ಗಾಡಿಯ ತಲೆಯ ಮೇಲೆ ಏರುತ್ತದೆ. ಆ ಸಂಸಾರವನ್ನು ಕಟ್ಟುವ ಹಗ್ಗದ ಬಗ್ಗೆ ಇಂದು ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ಕಣಿಕೆ ಬಂಡಿ ಹೇರುವ ರೈತನಿಗಾಗಲಿ, ಪೇಟೆಗೆ ಚೀಲ ಕಳಿಸುವ ವ್ಯಾಪಾರಿಗಾಗಲಿ ಹಗ್ಗದ ವಿದ್ಯೆ ಹೊಸದಲ್ಲ. ಎತ್ತಿನ ಹೆಜ್ಜೆಗೆ ಹೇರು ಹೇಗೆ ವಾಲುತ್ತದೆ, ಮಿಣಿ ಎಲ್ಲಿ ಬಿಗಿಯಬೇಕು ಎಂಬುದು ನಮ್ಮ ಹಿರಿಯರ ಕೈಗೆ ಗೊತ್ತಿತ್ತು. ಆದರೆ ಅದೇ ಮನುಷ್ಯ ಜೀಪಿನ ಹತ್ತಿರ ಬಂದಾಗ ಆ ಕೆಲಸವನ್ನು ಕ್ಲೀನರ್ ಹುಡುಗನಿಗೆ ಬಿಟ್ಟು ಒಳಗೆ ಹೋಗಿ ಕೂಡುತ್ತಾನೆ. ಹುಡುಗ ಒಂದು ಪ್ಲಾಸ್ಟಿಕ್ ಹಗ್ಗವನ್ನು ಆಚೆಯಿಂದ ಈಚೆಗೆ ಎಸೆದು ಎರಡು ಗಂಟು ಹಾಕುತ್ತಾನೆ. ಕೇಳಿದರೆ, ‘ಏನೂ ಆಗಂಗಿಲ್ಲ ಬಿಡ್ರಿ, ಎಲ್ಲವ್ವ ಅದಾಳ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಹೌದು, ಎಲ್ಲವ್ವ ಇದ್ದಾಳೆ. ನಮ್ಮ ಹಿಂದೆ ಹೆಂಡತಿ ಮಗುವನ್ನು ಕೂಡಿಸಿಕೊಂಡು ಬರುವ ಮೋಟಾರ್ ಸೈಕಲ್ಲಿನವನಿಗೂ ಅವಳೇ ತಾಯಿ. ನಮ್ಮ ಗಾಡಿಯಿಂದ ಜಾರಿದ ಪರಾತ ನಮಗೆ ಬಡಿಯುವುದಿಲ್ಲ, ಅವನಿಗೆ ಬಡಿಯುತ್ತದೆ. ಈ ವಿಷಯದ ಗಂಭೀರತೆ ಇರುವುದೇ ಅಲ್ಲಿ.

ಬಂಡಿಗೂ ಜೀಪಿಗೂ ಇರುವ ಫರಕು ವೇಗದ್ದು. ವೇಗ ಎರಡು ಪಟ್ಟಾದರೆ ಗಾಳಿಯ ಒತ್ತಡ ನಾಲ್ಕು ಪಟ್ಟಾಗುತ್ತದೆ. ತಾಸಿಗೆ 40 ಕಿ.ಮೀ. ವೇಗದಲ್ಲಿ ಸುಮ್ಮನೆ ಪಟಪಟ ಎನ್ನುವ ತಾಡಪತ್ರಿ 80ರಲ್ಲಿ ಹಾಯಿಯಂತೆ ಉಬ್ಬಿ ಹಗ್ಗವನ್ನೇ ಎತ್ತುತ್ತದೆ. ಇನ್ನು ಬ್ರೇಕ್ ವಿಚಾರ. ಎತ್ತು ನಿಧಾನಕ್ಕೆ ನಿಲ್ಲುತ್ತವೆ, ಜೀಪು ಗಕ್ಕನೆ ನಿಲ್ಲುತ್ತದೆ. ಲಾರಿಗಳಲ್ಲಿ ಮಾಲು ಕಟ್ಟಲು ಯುರೋಪಿನಲ್ಲಿ ಪಾಲಿಸುವ ಲೆಕ್ಕದ ಪ್ರಕಾರ ಹೇರಿನ ತೂಕದ ಹತ್ತರಲ್ಲಿ ಎಂಟು ಪಾಲು ಬಲ ಮುಂದಕ್ಕೆ, ಐದು ಪಾಲು ಪಕ್ಕಕ್ಕೂ ಹಿಂದಕ್ಕೂ ನೂಕಿದರೂ ಕಟ್ಟು ತಡೆಯಬೇಕು. ಅಂದರೆ ತಲೆಯ ಮೇಲೆ 100 ಕಿಲೋ ಇದ್ದರೆ ಬ್ರೇಕ್ ಒತ್ತಿದ ಗಳಿಗೆ ಅದು 80 ಕಿಲೋ ಬಲದಿಂದ ಮುಂದಕ್ಕೆ ನುಗ್ಗಲು ನೋಡುತ್ತದೆ. ಬಂಡಿಗೆ ಮೇಲಿನಿಂದ ಒತ್ತಿ ಬಿಗಿದರೆ ಸಾಕಾಗುತ್ತಿತ್ತು. ಜೀಪಿಗೆ ಮುಂದಕ್ಕೆ ಜಾರದಂತೆಯೂ ಕಟ್ಟಬೇಕು. ನಮ್ಮವರು ಮರೆಯುವುದು ಇದನ್ನೇ.

ಹಾಗಾದರೆ ಹೇಗೆ ಕಟ್ಟಬೇಕು? ಮೊದಲು ಕ್ಯಾರಿಯರನ್ನೇ ಹಿಡಿದು ಅಲುಗಿಸಿ ನೋಡಿರಿ. ಬುಡದ ಬೋಲ್ಟು ಸಡಿಲಿದ್ದರೆ ಮೇಲಿನ ಗಂಟು ಎಷ್ಟು ಬಿಗಿದರೂ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಭಾರದ ಸಾಮಾನು ಗಾಡಿಯೊಳಗೆ ಕೆಳಗಿರಲಿ, ಹಗುರ ಸಾಮಾನು ಮಾತ್ರ ಮೇಲೇರಲಿ. ತಲೆಭಾರ ಹೆಚ್ಚಾದ ಗಾಡಿ ತಿರುವಿನಲ್ಲಿ ಮಗುಚಲು ಹೊತ್ತು ಬೇಕಿಲ್ಲ. ಮೇಲೆ ಎಷ್ಟು ತೂಕ ಹೇರಬಹುದೆಂಬುದು ಗಾಡಿಯ ಜೊತೆ ಬಂದ ಪುಸ್ತಕದಲ್ಲಿರುತ್ತದೆ. ಬಹುತೇಕ ಕಾರುಗಳಿಗೆ ಅದು 100 ಕಿಲೋ ದಾಟುವುದಿಲ್ಲ, ಚಿಕ್ಕ ಕಾರುಗಳಿಗೆ ಇನ್ನೂ ಕಡಿಮೆ. ಕ್ಯಾರಿಯರಿನ ಸ್ವಂತ ತೂಕವೂ ಸಾಮಾನ್ಯವಾಗಿ ಅದರಲ್ಲೇ ಸೇರಿರುತ್ತದೆ.

ಡೇರೆಯ ಗಳಗಳನ್ನು ಒಂದೇ ಕಟ್ಟು ಮಾಡಿ, ಎರಡೂ ತುದಿ ಬಿಗಿದು, ಗಾಡಿಯ ಉದ್ದಕ್ಕೆ ಮಲಗಿಸಿರಿ. ಪಾತ್ರೆಗಳನ್ನು ಒಂದರೊಳಗೊಂದು ಇಟ್ಟು ಗೋಣಿಚೀಲದಲ್ಲಿ ಹಾಕಿ ಬಾಯಿ ಹೊಲಿಯಿರಿ. ತಾಡಪತ್ರಿಯ ಮುಂದಿನ ಅಂಚನ್ನು ಹೇರಿನ ಅಡಿಗೆ ಮಡಚಿರಿ, ಗಾಳಿ ಒಳನುಗ್ಗುವುದಿಲ್ಲ. ಅಡ್ಡಕ್ಕೆ ಎರಡು ಹಗ್ಗ, ಉದ್ದಕ್ಕೆ ಎರಡು ಹಗ್ಗ, ನಾಲ್ಕೂ ಬೇರೆ ಬೇರೆ ಇರಲಿ. ಒಂದೇ ಹಗ್ಗವನ್ನು ಸುತ್ತಿದರೆ ಒಂದು ಕಡೆ ಹರಿದಾಗ ಇಡೀ ಕಟ್ಟೇ ಸಡಿಲು. ಹಗ್ಗದ ನಡುವೆ ಒಂದು ಕುಣಿಕೆ ಮಾಡಿ, ತುದಿಯನ್ನು ಕ್ಯಾರಿಯರಿನ ಕೊಂಡಿಯಿಂದ ತಂದು ಆ ಕುಣಿಕೆಯಲ್ಲಿ ತೂರಿಸಿ ಕೆಳಗೆ ಜಗ್ಗಿದರೆ ಗಡಗಡಿಯಂತೆ ಕೆಲಸ ಮಾಡಿ ಒಬ್ಬನ ಕೈಗೆ ಇಬ್ಬರ ಬಲ ಬರುತ್ತದೆ. ಚೂಪು ಅಂಚಿನ ಮೇಲೆ ಹಗ್ಗ ಹಾಯುವಲ್ಲಿ ಗೋಣಿತಟ್ಟಿನ ಚೂರು ಇಡಿರಿ. ಬಿಸಿಲಿಗೆ ಪುಡಿಯಾಗುವ ಹಳೆಯ ಪ್ಲಾಸ್ಟಿಕ್ ಹಗ್ಗ ಬೇಡ. ರಬ್ಬರ್ ಪಟ್ಟಿ ಚಾದರ ಹಿಡಿದೀತು, ಹೇರು ಹಿಡಿಯಲಾರದು.

ಹೊರಟ ಮೇಲೆ ಹತ್ತು ಕಿ.ಮೀ.ಗೆ ಒಮ್ಮೆ ನಿಲ್ಲಿಸಿ ಮತ್ತೆ ಬಿಗಿಯಿರಿ. ಹಾಸಿಗೆ, ಚೀಲ ಕುಸಿದು ಹಗ್ಗ ಸಡಿಲಾಗುವುದು ಈ ಮೊದಲ ದಾರಿಯಲ್ಲೇ. ಮುಂದೆ ಚಹಾಕ್ಕೆ ನಿಂತಾಗಲೆಲ್ಲ ಕೈ ಹಚ್ಚಿ ನೋಡಿರಿ. ಗ್ಯಾಸ್ ಸಿಲಿಂಡರ್ ಮಾತ್ರ ಮನೆಯಲ್ಲೇ ಇರಲಿ. 14.2 ಕಿಲೋ ಅನಿಲದ ಸಿಲಿಂಡರ್ ಕಬ್ಬಿಣ ಸೇರಿ ಸುಮಾರು 30 ಕಿಲೋ ತೂಗುತ್ತದೆ. ಮೇಲಿಟ್ಟರೆ ಬಿಸಿಲು, ಬೀಳುವ ಭಯ. ಒಳಗಿಟ್ಟರೆ ಸೋರಿದ ಅನಿಲ ಗಾಳಿಗಿಂತ ಭಾರವಾದ್ದರಿಂದ ಜನರ ಕಾಲಡಿಯಲ್ಲೇ ಕೂಡುತ್ತದೆ.

ಗಡಿಯ ಈಚೆ ಒಂದು ಕಾನೂನು, ಆಚೆ ಒಂದು ಎಂದು ಕೆಲವರು ತಿಳಿದಿದ್ದಾರೆ. ಹಾಗಲ್ಲ. 1988ರ ಮೋಟಾರು ವಾಹನ ಕಾಯ್ದೆ ಮಹಾರಾಷ್ಟ್ರಕ್ಕೂ ಕರ್ನಾಟಕಕ್ಕೂ ಒಂದೇ. ಅದರ 123ನೆಯ ಕಲಮಿನಂತೆ ಗಾಡಿಯ ಮೇಲೆ ಜನ ಕೂಡುವಂತಿಲ್ಲ. ಸಾಮಾನು ಹಿಡಿದುಕೊಳ್ಳಲೆಂದು ಹುಡುಗರನ್ನು ಮೇಲೆ ಹತ್ತಿಸುವುದು ಹಗ್ಗದ ಬದಲು ಮಕ್ಕಳನ್ನು ಕಟ್ಟಿದಂತೆ. ಹೇರು ಮಿತಿ ಮೀರಿ ಪಕ್ಕಕ್ಕೋ ಹಿಂದಕ್ಕೋ ಚಾಚಿದರೆ, ಎತ್ತರ ಮಿತಿ ದಾಟಿದರೆ, 2019ರ ತಿದ್ದುಪಡಿ ಹೇಳುವ ದಂಡ 20,000 ರೂಪಾಯಿ. ಇಳಿಸುವ ಖರ್ಚು ಬೇರೆ.

ದಂಡದಿಂದಲೇ ಎಲ್ಲ ಸರಿಹೋಗುತ್ತದೆಂದು ನಾನು ನಂಬುವುದಿಲ್ಲ. ಜಾತ್ರೆಯ ಬಂದೋಬಸ್ತಿಗೆ ಬರುವ ಪೊಲೀಸರಲ್ಲಿ ಇಬ್ಬರು ಗುಡ್ಡದಿಂದ ಹೊರಹೋಗುವ ದಾರಿಯಲ್ಲಿ ನಿಂತು ಹಗ್ಗ ಜಗ್ಗಿ ನೋಡಲಿ, ಸಡಿಲಿದ್ದರೆ ಅಲ್ಲೇ ಬಿಗಿಸಿ ಕಳಿಸಲಿ. ದಣಿದು ಮರಳುವಾಗಲೇ ಗಂಟು ಸಡಿಲವಾಗುವುದು ಹೆಚ್ಚು. ಕ್ಯಾರಿಯರ್ ಬೆಸೆಯುವ ನಮ್ಮ ವೆಲ್ಡಿಂಗ್ ಅಂಗಡಿಯವರು ಎರಡೂ ಪಕ್ಕಕ್ಕೆ ಮೂರು ಮೂರು, ಮುಂದೆ ಹಿಂದೆ ಎರಡೆರಡು ಕೊಂಡಿ ಹಾಕಿಕೊಡಲಿ. ಸಂತೆಯಲ್ಲಿ ಹಗ್ಗ ಮಾರುವವರು ಯಾವುದು ದನ ಕಟ್ಟಲು, ಯಾವುದು ಗಾಡಿಗೆ ಎಂದು ಗಿರಾಕಿಗೆ ಬಿಡಿಸಿ ಹೇಳಲಿ.

ಭರತ ಹುಣ್ಣಿಮೆ ಕಬ್ಬಿನ ಹಂಗಾಮಿನಲ್ಲೇ ಬರುತ್ತದೆ. ಅಥಣಿ, ಗೋಕಾಕ ರಸ್ತೆಯಲ್ಲಿ ಟ್ರಾಲಿಯಿಂದ ಬಿದ್ದ ಕಬ್ಬಿನ ಜಲ್ಲೆ ಕಂಡಾಗ ನಾವೆಲ್ಲ ಟ್ರ್ಯಾಕ್ಟರಿನವರನ್ನು ಬೈಯುತ್ತೇವೆ. ಬೈಯುವ ಹಕ್ಕು ನಮಗೆ ಉಳಿಯಬೇಕಾದರೆ ನಮ್ಮ ತಲೆಯ ಮೇಲಿನ ಗಳ ರಸ್ತೆಗೆ ಬೀಳಬಾರದು. ದಾರಿಯಲ್ಲಿ ಯಾರದೋ ಸಾಮಾನು ಬಿದ್ದಿರುವುದು ಕಂಡರೆ ತಪ್ಪಿಸಿಕೊಂಡು ಹೋಗಬೇಡಿರಿ. ಗಾಡಿ ಬದಿಗೆ ಹಚ್ಚಿ, ರಸ್ತೆ ಖಾಲಿ ಇದ್ದಾಗ ಎತ್ತಿ ಬದಿಗಿಡಿರಿ. ಆಗದಿದ್ದರೆ 112ಕ್ಕೆ ಫೋನು ಮಾಡಿರಿ.

ಬಾಂಧವರೇ, ಹರಕೆ ಒಯ್ಯುವ ಗಾಡಿ ಯಾರ ಮನೆಗೂ ದುಃಖ ಒಯ್ಯಬಾರದು. ‘ಉಧೋ ಉಧೋ’ ಎಂದು ಗಾಡಿ ಹತ್ತುವ ಮೊದಲು ಮನೆಯ ಹಿರಿಯ ಒಬ್ಬ ನಾಲ್ಕೂ ಹಗ್ಗ ಜಗ್ಗಿ ನೋಡಲಿ. ಆ ಕೆಲಸ ಕ್ಲೀನರ್ ಹುಡುಗನದಲ್ಲ, ನಮ್ಮದು.