ಹೊಸ ಕೋವಿಗೆ ಹಳೇ ಗಾಯ ಯಾಕೆ?

ಬಾಯಿಂದ ಮದ್ದು ತುಂಬುವ ಹಳೇ ಮಾದರಿಯ ರೈಫಲ್ಲನ್ನು ಕೈಯಲ್ಲೇ ಮಾಡುವವರು ಪೆನ್ಸಿಲ್ವೇನಿಯಾದಲ್ಲಿ ಇವತ್ತಿಗೂ ಇದ್ದಾರೆ. ರಜಾದಿನಗಳಲ್ಲಿ ನಾನೂ ಅವರಲ್ಲೊಬ್ಬ. ನಮ್ಮಲ್ಲೊಂದು ಚಾಳಿಯಿದೆ: ತಿಂಗಳುಗಟ್ಟಲೆ ಕೂತು ಕೋವಿ ಮಾಡುವುದು, ಕೊನೆಗೆ ಅದು ಇನ್ನೂರೈವತ್ತು ವರ್ಷ ಹಳೆಯದೆನ್ನಿಸಲು ಸರಪಳಿಯಿಂದ ಹೊಡೆಯುವುದು, ನಳಿಗೆಗೆ ಬ್ಲೀಚ್ ಸವರಿ ತುಕ್ಕಿನ ಗುಳಿ ಬೀಳಿಸುವುದು, ಸಂದಿಗಳಿಗೆ ಮಸಿ ತುಂಬುವುದು. ಇದಕ್ಕೆ 'ಏಜಿಂಗ್' ಎಂಬ ಮರ್ಯಾದಸ್ಥ ಹೆಸರು. ನಾನು ಸುಳ್ಳು ಎನ್ನುತ್ತೇನೆ.

ಇದೇ ಚರಿತ್ರೆಗೆ ನಿಷ್ಠೆಯಂತೆ. ಯಾವ ಚರಿತ್ರೆ? 18ನೇ ಶತಮಾನದಲ್ಲಿ ಲ್ಯಾಂಕಾಸ್ಟರಿನ ಜರ್ಮನ್ ಮೂಲದ ಕಸುಬುದಾರರು ಗಿರಾಕಿಯ ಕೈಗೆ ಕೊಟ್ಟದ್ದು ಹೊಸ ಕೋವಿಯನ್ನು. ಮ್ಯೂಸಿಯಮ್ಮಿನಲ್ಲಿ ನಾವು ಬೆರಗಾಗುವ ಆ ಸವೆತ ಅವರ ಕೈಕೆಲಸವಲ್ಲ.

ಅವರ ಕೈಕೆಲಸ ಬೇರೆಯೇ ಇದೆ. ಮೇಪಲ್ ಬಿಳುಚು ಮರ. ಕಬ್ಬಿಣ ಕರಗಿಸಿದ ನೈಟ್ರಿಕ್ ಆಮ್ಲ ಸವರಿದರೆ ಮೊದಲು ನೋಡಲಾಗದಂಥ ಹಸಿರು ಹಳದಿ. ಕಾದ ಕಬ್ಬಿಣವನ್ನು ಮರಕ್ಕೆ ತಾಗಿಸದೆ ಹತ್ತಿರ ಹಿಡಿದು ಸರಿಸುತ್ತ ಹೋಗಿ. ಕೆಂಗಂದು ಉಕ್ಕಿ ಬರುತ್ತದೆ, ಮರದೊಳಗಿನ ಅಲೆಗಳು ಎದ್ದು ನಿಲ್ಲುತ್ತವೆ. ಆಮೇಲೆ ಸೋಡಾ ನೀರಲ್ಲಿ ಒರೆಸಿ, ಅಗಸೆ ಎಣ್ಣೆಯನ್ನು ಬೆರಳಲ್ಲಿ ತಿಕ್ಕಬೇಕು. ಒಂದು ಪದರ ಒಣಗದೆ ಇನ್ನೊಂದಿಲ್ಲ. ನಳಿಗೆಗೂ ತೇವದಲ್ಲಿ ತುಕ್ಕು ಹಿಡಿಸಿ, ಉಜ್ಜಿ, ಮತ್ತೆ ಹಿಡಿಸುತ್ತೇವೆ. ಇದೂ ತುಕ್ಕೇ ಅಲ್ಲವೇ? ಹೌದು, ಆದರೆ ಮುಂದಿನ ತುಕ್ಕನ್ನು ತಡೆಯಲು ಹಿಡಿಸಿದ್ದು. ಇಷ್ಟು ಮಾಡಿದವನಿಗೆ ಸರಪಳಿ ಎತ್ತಲು ಕೈ ಹೇಗೆ ಬರುತ್ತದೆ?

ನನಗೆ ಬಂದಿತ್ತು. ಮೊದಲ ಕೋವಿಗೆ ನಾನೂ ಬಾರಿಸಿದ್ದೆ. ಮಲೆನಾಡಿನಿಂದ ಬಂದ ಅಪ್ಪ ಅದನ್ನು ಕೈಗೆತ್ತಿಕೊಂಡು ಒಂದು ತಗ್ಗಿನ ಮೇಲೆ ಬೆರಳಿಟ್ಟು, "ಇಲ್ಲಿ ಎಂತಾಯ್ತೋ?" ಎಂದರು. ಅಜ್ಜನ ಕೇಪಿನ ಕೋವಿಯ ಒಂದೊಂದು ಗಾಯದ ಕಥೆಯೂ ಅವರಿಗೆ ಗೊತ್ತಿತ್ತು: ಇದು ಹಳ್ಳ ದಾಟುವಾಗ ಜಾರಿದ್ದು, ಇದು ಅಟ್ಟದಿಂದ ಬಿದ್ದದ್ದು. ನನ್ನ ಬಳಿ ಉತ್ತರವಿರಲಿಲ್ಲ. ಗ್ಯಾರೇಜಿನಲ್ಲಿ, ಭಾನುವಾರ, ನಾನೇ ಹೊಡೆದೆ ಎನ್ನಲೇ?

ಆ ಕೋವಿಯನ್ನು ಮಾರಲು ಧೈರ್ಯವಿಲ್ಲ. ನನ್ನ ಕಾಲಾನಂತರ ಯಾರೋ ಒಬ್ಬ ಅದನ್ನು ಅಸಲಿಯೆಂದು ನಂಬಿಸಿ ಇನ್ನೊಬ್ಬನಿಗೆ ದಾಟಿಸಿದರೆ, ಮೊದಲ ಸುಳ್ಳುಗಾರ ನಾನೇ. ಈಗ ನಳಿಗೆಯ ಮೇಲೆ ಹೆಸರು, ಇಸವಿ ಕೊರೆಯುತ್ತೇನೆ. ಎರಡನೆಯ ಕೋವಿಗೆ ಆರು ವರ್ಷ. ಕೆನ್ನೆ ಒರಗುವ ಜಾಗದಲ್ಲಿ ಮರ ಈಗೀಗ ಕಪ್ಪಾಗುತ್ತಿದೆ.